ತಮ್ಮನ ಎಕೋ ಡಬ್ಬಿ

ನನ್ನ ತಮ್ಮನ ಗಿಟಾರಿನ ಆಂಪ್ಲಿಫೈಯರ್ ಹದಿನೆಂಟು ಕೆ.ಜಿ. ತೂಗುತ್ತಿತ್ತು. ಮುಳಬಾಗಿಲಿನ ನಮ್ಮ ಬೀದಿಯ ಸೌದೆ ಡಿಪೋದ ತಕ್ಕಡಿಯಲ್ಲಿ ಅವನು ಒಮ್ಮೆ ಅದನ್ನು ತೂಗಿಸಿಕೊಂಡು ಬಂದು, "ಅಕ್ಕ, ಮಗೂನ ತೂಕ ನೋಡಿಸ್ಕೊಂಡು ಬಂದೆ" ಅಂತ ನಕ್ಕಿದ್ದ. ಅವನಿಗೂ ಮದುವೆಯಾಗಲಿಲ್ಲ, ನನಗೂ ಆಗಲಿಲ್ಲ. ಅಮ್ಮ ಹೋದಾಗ ಅವನಿಗೆ ಒಂಬತ್ತು ವರ್ಷ, ನನಗೆ ಇಪ್ಪತ್ತು. ಅವನು ದೊಡ್ಡವನಾದ ಮೇಲೆ ನಮ್ಮ ಮನೆಯಲ್ಲಿ ಮಗು ಅಂತ ಏನಾದರೂ ಇದ್ದರೆ ಅದೇ.

ಅದು ಇಂಗ್ಲೆಂಡಿನಲ್ಲಿ ತಯಾರಾದದ್ದು. ಚಿನ್ನದ ಗಣಿಯಲ್ಲಿ ಫೋರ್‌ಮನ್ ಆಗಿದ್ದ ಒಬ್ಬ ಆಂಗ್ಲೋ-ಇಂಡಿಯನ್ ಸಾಹೇಬರು ಆಸ್ಟ್ರೇಲಿಯಾಕ್ಕೆ ಹೊರಟಾಗ ತಮ್ಮ ಡ್ಯಾನ್ಸ್ ಬ್ಯಾಂಡಿನ ಸಾಮಾನನ್ನೆಲ್ಲ ವಿಲೇವಾರಿ ಮಾಡಿದರು. ಗಿಟಾರೂ ಇದೂ ತಮ್ಮನ ಪಾಲಿಗೆ ಬಂದವು. ಒಳಗೆ ಗಾಜಿನ ವಾಲ್ವುಗಳು. ಸ್ವಿಚ್ ಹಾಕಿದರೆ ಒಂದು ನಿಮಿಷ ಸುಮ್ಮನಿದ್ದು, ಆಮೇಲೆ ಕೆಂಡದ ಹಾಗೆ ನಿಧಾನವಾಗಿ ಕೆಂಪಾಗುತ್ತಿದ್ದವು. ತಳದಲ್ಲಿ ಒಂದು ರೆಕ್ಸಿನ್ ಚೀಲ, ಅದರೊಳಗೆ ಮೊಳದುದ್ದದ ತಗಡಿನ ಡಬ್ಬಿ. ಡಬ್ಬಿಯೊಳಗೆ ಎರಡು ತೆಳು ಸ್ಪ್ರಿಂಗುಗಳು ಈ ತುದಿಯಿಂದ ಆ ತುದಿಗೆ ಜೋತುಬಿದ್ದಿದ್ದವು. ಗಿಟಾರಿನ ಸ್ವರ ಒಂದು ತುದಿಯಲ್ಲಿ ಹೊಕ್ಕು, ಸ್ಪ್ರಿಂಗಿನ ಮೈಯಲ್ಲಿ ನಡುಗಿಕೊಂಡು ಹೋಗಿ ಬಂದು, ಹೊರಗೆ ಬರುವಾಗ ಯಾವುದೋ ದೊಡ್ಡ ಹಾಲ್‌ನಲ್ಲಿ ನುಡಿಸಿದಂತೆ ಕೇಳುತ್ತಿತ್ತು. ತಮ್ಮ ಅದಕ್ಕೆ ರಿವರ್ಬ್ ಅನ್ನುತ್ತಿದ್ದ. ಆರ್ಕೆಸ್ಟ್ರಾದವರೆಲ್ಲ ಎಕೋ ಡಬ್ಬಿ ಅನ್ನುತ್ತಿದ್ದರು. ನಾನು ಕೋಲಾರದ ಕಾನ್ವೆಂಟಿನಲ್ಲಿ ಬೋರ್ಡರ್ ಆಗಿ ಓದಿದವಳು. ಅಲ್ಲಿ ಚಾಪೆಲ್‌ನಲ್ಲಿ ಹಾಡಿ ಮುಗಿಸಿದ ಮೇಲೂ ಆಮೆನ್ ಅನ್ನುವ ಮಾತು ಛಾವಣಿಯ ಕೆಳಗೆ ಸ್ವಲ್ಪ ಹೊತ್ತು ಉಳಿದಿರುತ್ತಿತ್ತು. ನನ್ನ ಕಿವಿಗೆ ತಮ್ಮನ ಗಿಟಾರು ಆ ಥರ.

ಹಗಲು ಅವನು ಕೋರ್ಟಿನಲ್ಲಿ ಟೈಪಿಸ್ಟ್. ಶನಿವಾರ, ಭಾನುವಾರ ಮತ್ತು ಹಬ್ಬಗಳ ಸೀಸನ್ನಿನಲ್ಲಿ ಮಾಲೂರಿನ ಒಂದು ಆರ್ಕೆಸ್ಟ್ರಾದ ಗಿಟಾರ್ ಮೇಷ್ಟ್ರು. ಟೈಪಿಸ್ಟ್ ಅಂದರೆ ಅವನಿಗೆ ಕೋಪ ಬರುತ್ತಿತ್ತು, ಮೇಷ್ಟ್ರು ಅಂದರೆ ಬೆನ್ನು ನೆಟ್ಟಗಾಗುತ್ತಿತ್ತು. ಅಲ್ಲಿ ಡ್ರಮ್ಸ್ ನುಡಿಸುತ್ತಿದ್ದವನು ದೇವರಾಯಸಮುದ್ರದವನು. ಹಿಪ್ಪುನೇರಳೆ, ರಾಗಿ ಬೆಳೆಯುವ ಮನೆತನ. ತಮ್ಮನಿಗೆ ಇಪ್ಪತ್ತು ವರ್ಷದ ಗೆಳೆಯ. ದಿನಾ ಸಂಜೆ ಮೊಪೆಡ್‌ನಲ್ಲಿ ಬರೋನು, ತೋಟದ ಬದನೆಕಾಯೋ ಸೊಪ್ಪೋ ಅಡುಗೆಮನೆ ಬಾಗಿಲಲ್ಲಿಟ್ಟು, "ಅಕ್ಕಯ್ಯ, ಕಾಫಿ" ಅನ್ನೋನು. ಆ ಕಡೆಯವರ ಬಾಯಲ್ಲಿ ಕನ್ನಡವೂ ತೆಲುಗೂ ಒಂದೇ ತಟ್ಟೆಯ ಊಟ. ಅವನಿಗೆ ನಾನು ಅಕ್ಕ ಆಗಲಿಲ್ಲ, ಅಕ್ಕಯ್ಯನೇ ಆದೆ. ಇಬ್ಬರೂ ಜಗಲಿಯಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಾ, ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಾ ದೀಪ ಹಚ್ಚುವ ಹೊತ್ತು ಮಾಡುತ್ತಿದ್ದರು.

ತೊಂಬತ್ತರ ದಶಕದ ನಡುವೆ ಆರ್ಕೆಸ್ಟ್ರಾಗಳಿಗೆ ಕೀಬೋರ್ಡ್ ಬಂತು. ಒಂದೇ ಪೆಟ್ಟಿಗೆಯಲ್ಲಿ ಪಿಟೀಲು, ಕೊಳಲು, ಗಿಟಾರು, ಎಕೋ, ಎಲ್ಲ. ಮಾಲೂರಿನ ಯಜಮಾನರು ಮಾತ್ರ, ನಮ್ಮ ಮೇಷ್ಟ್ರ ಗಿಟಾರಿನ ನಾದ ಆ ಪೆಟ್ಟಿಗೆಯಲ್ಲಿ ಎಲ್ಲಿ ಬರುತ್ತೆ ಅನ್ನುತ್ತಿದ್ದರು. ತಮ್ಮ ಆ ಮಾತನ್ನು ಮನೆಗೆ ಬಂದು ನನಗೆ ಎಷ್ಟು ಸಲ ಹೇಳಿದನೋ. ಆ ನಾದ ಇರುವವರೆಗೆ ಅವನ ಜಾಗ ಇರುತ್ತದೆ, ನಾದ ಅಂದರೆ ಆ ಡಬ್ಬಿ. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ಶ್ರೀನಿವಾಸಪುರದಲ್ಲಿ ಒಂದು ಮದುವೆ ರಿಸೆಪ್ಷನ್. ಮಾವಿನ ಲಾರಿಗಳ ನಡುವೆ ಟೆಂಪೋ ನಿಲ್ಲಿಸಲು ಜಾಗ ಸಿಗದೆ ಛತ್ರದಿಂದ ದೂರ ಇಳಿಸಿಕೊಳ್ಳಬೇಕಾಯಿತಂತೆ. ಗೆಳೆಯ ಆಂಪ್ಲಿಫೈಯರ್ ಎತ್ತಿಕೊಂಡು ನಾಲ್ಕು ಹೆಜ್ಜೆ ಹಾಕಿದ್ದಾನೆ, ಮೇಲಿನ ಹಿಡಿ ಕಿತ್ತುಬಂದು ಅದು ಮೂಲೆ ಕೆಳಗಾಗಿ ನೆಲಕ್ಕೆ ಬಿತ್ತು. ಆವತ್ತು ಸಂಜೆ ಗಿಟಾರು ನುಡಿಯಿತು, ಎಕೋ ಮಾತ್ರ ಬರಲಿಲ್ಲ. ಅದಕ್ಕೂ ಮೊದಲೇ ಒಂದೆರಡು ತಿಂಗಳಿಂದ ಎಕೋ ಬಂದು ಹೋಗಿ ಮಾಡುತ್ತಿತ್ತು ಅನ್ನುವುದು ಆಮೇಲೆ ಯಾರಿಗೂ ನೆನಪಾಗಲಿಲ್ಲ. ಬಿದ್ದದ್ದು ಮಾತ್ರ ಎಲ್ಲರ ಕಣ್ಣಿಗೆ ಕಂಡಿತ್ತು.

ಮೊದಮೊದಲು ತಮ್ಮ ಅವನನ್ನು ಬೈಯಲಿಲ್ಲ. "ರೇಷ್ಮೆಹುಳ ಎತ್ತೋ ಕೈಗೆ ಇಂಗ್ಲೆಂಡ್ ಸಾಮಾನು ಕೊಟ್ಟೆ ನೋಡು" ಅಂತ ತಮಾಷೆ ಮಾಡಿದ. ಆಮೇಲೆ ಬೆಂಗಳೂರಿನ ಅಂಗಡಿಗಳನ್ನು ಸುತ್ತಿದ. ಆ ಪಾರ್ಟು ಇಲ್ಲಿ ಸಿಗುವುದಿಲ್ಲ, ಫಾರಿನ್‌ನಿಂದ ಬರಬೇಕು ಅಂದರು. ಕಾಗದ ಬರೆದು ಕಾದ. ಮೇ ಹೋಯಿತು, ಜೂನ್ ಹೋಯಿತು. ಜುಲೈನಲ್ಲಿ ಒಂದು ಗೃಹಪ್ರವೇಶದ ಪ್ರೋಗ್ರಾಮ್ ಮುಗಿದ ಮೇಲೆ ಯಜಮಾನರು ಅವನನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನು ಅವನು ಒಂದಕ್ಷರ ಬಿಡದೆ ನನ್ನ ಮುಂದೆ ಒಪ್ಪಿಸಿದ. "ಎಕೋ ಇಲ್ದಿದ್ರೆ ನಿಮ್ಮ ಗಿಟಾರು ಒಣಗಿದ ಚಪಾತಿ ಇದ್ದಂಗೆ ಮೇಷ್ಟ್ರೇ. ಗಣೇಶನ ಹಬ್ಬದೊಳಗೆ ಸರಿಮಾಡಿಸ್ಕೊಂಡು ಬನ್ನಿ. ಆಗ್ಲಿಲ್ವಾ, ಬೇಜಾರು ಮಾಡ್ಕೋಬೇಡಿ."

ಆ ರಾತ್ರಿ ಅವನು ಊಟ ಬಿಟ್ಟ. ನನಗೆ ಅದನ್ನು ನೋಡಲಾಗಲಿಲ್ಲ. ಅವನಿಗೆ ಕೋರ್ಟಿನಲ್ಲಿ ರಜೆ ಸಿಗುವ ಹಾಗಿರಲಿಲ್ಲ. ನಾನು ಪಾಠ ಹೇಳುತ್ತಿದ್ದ ಸ್ಕೂಲಿಗೆ ಎರಡು ದಿನ ಲೀವ್ ಹಾಕಿ, ಆಂಪ್ಲಿಫೈಯರನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನ ಡ್ರೈವರ್ ಪಕ್ಕ ಇಡಿಸಿಕೊಂಡು ಕೋಲಾರಕ್ಕೆ ಹೋದೆ. ಕ್ಲಾಕ್ ಟವರ್ ಹತ್ತಿರ ಹಳೇ ವಾಲ್ವ್ ರೇಡಿಯೋ ರಿಪೇರಿ ಮಾಡುವ ಒಬ್ಬ ವಯಸ್ಸಾದ ಭಾಯಿ ಇದ್ದಾರೆ ಅಂತ ಸಹೋದ್ಯೋಗಿಯೊಬ್ಬರು ಹೇಳಿದ್ದರು.

ಭಾಯಿ ಮೊದಲು ಅದರ ಹಿಂಬದಿಯನ್ನು ನೋಡಿ, "ವಾಹ್" ಅಂದರು, ಹುಡುಗಿ ನೋಡಲು ಬಂದವರ ಹಾಗೆ. ರೆಕ್ಸಿನ್ ಚೀಲದಿಂದ ಡಬ್ಬಿ ಎಳೆದು, ಮಗುಚಿ, ಕನ್ನಡಕ ಮೇಲಕ್ಕೇರಿಸಿ ಬಹಳ ಹೊತ್ತು ನೋಡಿದರು. ಮೀಟರಿನ ಎರಡು ಮೊನೆ ಒಂದು ತುದಿಗೆ ಇಟ್ಟರು. ಮುಳ್ಳು ಅಲ್ಲಾಡಲಿಲ್ಲ, ಅಲ್ಲಿ ಕರೆಂಟ್ ಹರಿಯುತ್ತಿರಲಿಲ್ಲ.

"ಇದೇನಮ್ಮ ಒಳಗೆ ಕೆಂಪಗೆ?"

ನಾನು ಬಗ್ಗಿ ನೋಡಿದೆ. ಕುಂಕುಮ.

ನಮ್ಮ ಮನೆಯಲ್ಲಿ ಆಯುಧಪೂಜೆಗೆ ಒಂದು ಪದ್ಧತಿ ಇತ್ತು, ಅಜ್ಜನ ಕಾಲದ್ದು. ಕುಂಕುಮವನ್ನು ಆಯುಧದ ಮೈಗೆ ಹಚ್ಚಿದರೆ ಸಾಲದು, ಅದು ಕೆಲಸ ಮಾಡುವ ಜಾಗಕ್ಕೆ ಹಚ್ಚಬೇಕು. ಹೊಲಿಗೆ ಮಿಷನ್ ಆದರೆ ಸೂಜಿಯ ಬುಡಕ್ಕೆ, ಒರಳಾದರೆ ಗುಂಡಿಯೊಳಗೆ, ಪೆನ್ನಾದರೆ ನಿಬ್ಬಿಗೆ. ಶಾನುಭೋಗರಾಗಿದ್ದ ಅಜ್ಜ ಲೆಕ್ಕ ಬರೆಯುವ ಲೆಕ್ಕಣಿಕೆಗೂ ಹಾಗೇ ಹಚ್ಚುತ್ತಿದ್ದರಂತೆ. ಆಂಪ್ಲಿಫೈಯರ್ ಮನೆಗೆ ಬಂದ ಮೊದಲ ವರ್ಷ ತಮ್ಮನನ್ನು ಕೇಳಿದ್ದೆ, ಇದರ ಜೀವ ಎಲ್ಲೋ ಇರೋದು ಅಂತ. ಅವನು ಚೀಲ ಬಿಚ್ಚಿ ಸ್ಪ್ರಿಂಗುಗಳನ್ನು ತೋರಿಸಿದ್ದ. ಅಂದಿನಿಂದ ಪ್ರತಿ ವರ್ಷ ನಾನು ಡಬ್ಬಿ ಹೊರತೆಗೆದು, ಮೂರು ಉದ್ಧರಣೆ ತೀರ್ಥ ಚಿಮುಕಿಸಿ, ಒದ್ದೆ ಕುಂಕುಮವನ್ನು ಸ್ಪ್ರಿಂಗುಗಳ ಎರಡೂ ತುದಿಗೆ ಬೆರಳಲ್ಲಿ ಒತ್ತಿ, ಹೇಗಿತ್ತೋ ಹಾಗೆ ಒಳಗಿಡುತ್ತಿದ್ದೆ. ಇಪ್ಪತ್ತು ವರ್ಷಕ್ಕೂ ಮೇಲೆ. ತಮ್ಮ ಆ ಹೊತ್ತಿಗೆ ಸ್ಕೂಟರ್ ತೊಳೆಯುತ್ತಿರುತ್ತಿದ್ದ. ಪೂಜೆ ನನ್ನ ಡಿಪಾರ್ಟ್‌ಮೆಂಟ್, ಅವನು ನೋಡಿದವನೇ ಅಲ್ಲ.

ಭಾಯಿಗೆ ಇದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಚಿಮಟದ ತುದಿಯಿಂದ ಸ್ಪ್ರಿಂಗಿನ ಬುಡದಲ್ಲಿದ್ದ ಪುಟ್ಟ ತಾಮ್ರದ ಸುರುಳಿ ತೋರಿಸಿದರು. ಅದು ಹಸಿರಾಗಿ ಪುಡಿಪುಡಿಯಾಗಿತ್ತು. "ಕುಂಕುಮದಲ್ಲಿ ಸುಣ್ಣ ಇರ್ತದಲ್ಲಮ್ಮ. ಮೇಲೆ ನೀರು. ಈ ತಂತಿ ತಲೆಕೂದಲಿಗಿಂತ ಸಣ್ಣ. ತಿಂದುಬಿಟ್ಟಿದೆ."

"ತಮ್ಮನ ಗೆಳೆಯ ಬೀಳಿಸಿದ್ದಕ್ಕೆ ಹೋಗಿಲ್ಲವಾ?" ಅಂತ ಕೇಳಿದೆ.

"ಬಿಲ್ಕುಲ್ ಇಲ್ಲ. ಬಿದ್ದಿದ್ರೆ ಸ್ಪ್ರಿಂಗ್ ಕೊಂಡಿ ಕಳಚೋದು, ಇಲ್ಲ ಹರಿಯೋದು. ನೋಡಿ, ಎರಡೂ ಹೊಸದಿದ್ದಂಗಿವೆ. ಇದು ಬೀಳದೇ ಇದ್ರೂ ಸಾಯ್ತಿತ್ತು."

ಆ ಸುರುಳಿಯನ್ನು ಮತ್ತೆ ಸುತ್ತಲು ಈ ವಯಸ್ಸಿನಲ್ಲಿ ನನ್ನ ಕಣ್ಣಿಗೂ ಕೈಗೂ ಆಗದು ಅಂದರು. ಬೇರೆ ಡಬ್ಬಿಯೇ ಬೇಕು. ಹಳೇ ಎಲೆಕ್ಟ್ರಿಕ್ ಆರ್ಗನ್‌ಗಳಲ್ಲೂ ಇಂಥದೇ ಇರುತ್ತದೆ, ಯಾವುದಾದರೂ ಚರ್ಚಿನಲ್ಲಿ ಕೆಟ್ಟು ಕೂತಿದ್ದರೆ ಕೇಳಿನೋಡಿ ಅಂದರು. ನನಗೆ ತಕ್ಷಣ ಕಾನ್ವೆಂಟಿನ ಮ್ಯೂಸಿಕ್ ರೂಮ್ ಕಣ್ಮುಂದೆ ಬಂತು. ಅಲ್ಲಿಂದ ನೇರ ಆಟೋ ಹತ್ತಿದೆ.

ನನಗೆ ಪಾಠ ಹೇಳಿದ್ದ ಸಿಸ್ಟರ್‌ಗಳಲ್ಲಿ ಒಬ್ಬರೇ ಉಳಿದಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ದನಿಯಿಂದ ನನ್ನನ್ನು ಗುರುತಿಸಿ, "ಯೂ ಆರ್ ಲೇಟ್" ಅಂದರು, ಮೂವತ್ತು ವರ್ಷದ ನಂತರ. ಆರ್ಗನ್ ಸ್ಟೋರ್‌ರೂಮಿನಲ್ಲಿ ಒಡೆದ ಬೆಂಚುಗಳ ಕೆಳಗೆ ಸತ್ತು ಬಿದ್ದಿತ್ತು. ತಮ್ಮನ ವಿಷಯ ಹೇಳಿದೆ. ಅವನ ಜಾಗ ಹೋಗುವ ಹಾಗಿದೆ, ಇನ್ನು ಮೂರು ವಾರ ಇದೆ ಅಂತೆಲ್ಲ. ಯಾಕೆ ಕೆಟ್ಟಿತು ಅಂತ ಅವರು ಕೇಳಿದಾಗ ಬಿತ್ತು ಸಿಸ್ಟರ್ ಅಂದೆ. ಆ ಸುಳ್ಳು ನನ್ನ ಬಾಯಿಂದ ಮೊದಲು ಹೊರಬಿದ್ದದ್ದು ಅಲ್ಲಿ. ಹುಡುಗಿಯರಾಗಿದ್ದಾಗ ಕ್ಲಾಸಿನಲ್ಲಿ ಇಂಕ್ ಚೆಲ್ಲಿದರೆ ಅದೇ ಸಿಸ್ಟರ್, "ಹೂ ಡಿಡ್ ಇಟ್? ಸ್ಟ್ಯಾಂಡ್ ಅಪ್" ಅನ್ನುತ್ತಿದ್ದರು. ನಾನು ಮಾಡಿದ್ದಾದರೆ ಎದ್ದು ನಿಲ್ಲುತ್ತಿದ್ದೆ. ಅದರಲ್ಲಿ ನನಗೆ ಹೆಮ್ಮೆಯೂ ಇತ್ತು.

ಸಿಸ್ಟರ್ ಆರ್ಗನ್‌ನಿಂದ ಬಿಚ್ಚಿಸಿಕೊಟ್ಟ ಡಬ್ಬಿಯನ್ನು ಮರುದಿನ ಭಾಯಿ ಕೂಡಿಸಿದರು. ಎರಡು ಇಂಚು ಉದ್ದ ಜಾಸ್ತಿ, ತಳದಲ್ಲಿ ನೆಟ್ಟಗೆ ಕೂರಲಿಲ್ಲ, ಓರೆಯಾಗಿ ಇಟ್ಟರು. ಅದರ ಓಮ್ಸ್ ಲೆಕ್ಕ ಇದಕ್ಕೆ ಹೊಂದುವುದಿಲ್ಲ ಅಂತ ನಡುವೆ ಒಂದು ಹಳೇ ರೇಡಿಯೋದ ಪುಟ್ಟ ಟ್ರಾನ್ಸ್‌ಫಾರ್ಮರ್ ಸೇರಿಸಿದರು. ಅಲುಗಾಡದಂತೆ ಸೈಕಲ್ ಟ್ಯೂಬ್ ಕತ್ತರಿಸಿ ನಾಲ್ಕು ಮೂಲೆಗೆ ಕೊಟ್ಟರು. ಕೊನೆಗೆ ವಾಲ್ವು ಕಾದ ಮೇಲೆ ಬೆರಳಿಂದ ಡಬ್ಬಿಯನ್ನು ಒಮ್ಮೆ ತಟ್ಟಿದರು. ಅಂಗಡಿಯೊಳಗೆ ಗುಡುಗು ಹಾದುಹೋದಂತಾಯಿತು.

ನಾನು ಮಾತ್ರ ಬೇರೆ ಯೋಚನೆಯಲ್ಲಿದ್ದೆ. "ಭಾಯಿ, ನನ್ನ ತಮ್ಮ ಬಂದರೆ ಕುಂಕುಮದ ವಿಷಯ ಹೇಳಬೇಡಿ."

ಅವರು ಸ್ಕ್ರೂ ಬಿಗಿಯುತ್ತಲೇ, "ಬೀಳಿಸಿದವರು ಅಂತ ಒಬ್ಬರಿದ್ದಾರಲ್ಲಮ್ಮ?" ಅಂದರು.

"ಸರಿಹೋಯಿತಲ್ಲ. ಇನ್ನು ಅವನನ್ನ ಯಾರೇನು ಅಂತಾರೆ" ಅಂದೆ.

ಅವರು ಹಳೆಯ ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ ಕೊಡಲು ಬಂದರು. ಬೇಡ, ನಿಮ್ಮಲ್ಲೇ ಇರಲಿ ಅಂದುಬಿಟ್ಟೆ.

ಗಣೇಶನ ಹಬ್ಬದ ಮೂರನೆಯ ದಿನ ಮಾಲೂರಿನಲ್ಲಿ ಪ್ರೋಗ್ರಾಮ್. ನಾನೂ ಹೋದೆ. ತಮ್ಮ ಬೆಳಿಗ್ಗೆಯೇ ಕುರುಡುಮಲೆ ಗಣೇಶನ ಗುಡಿಗೆ ಹೋಗಿ ಪೂಜೆ ಮಾಡಿಸಿಕೊಂಡು ಬಂದಿದ್ದ. ಟೆಂಪೋದಲ್ಲಿ ಗೆಳೆಯ ಆಂಪ್ಲಿಫೈಯರನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದ, ಇಳಿಸುವಾಗ ಇನ್ನಿಬ್ಬರನ್ನು ಕರೆದ. "ಒರೇ, ಬಾಣಂತಿ ಕೂಡ ಇಷ್ಟು ಜೋಪಾನ ಮಾಡಲ್ಲ ಕಣೋ" ಅಂತ ತಮ್ಮ ಅಂದಾಗ ಎಲ್ಲರೂ ನಕ್ಕರು. ಸ್ಟೇಜ್ ಮೇಲೆ ಬೆಂಗಳೂರಿನಿಂದ ಬಂದ ಒಬ್ಬ ಕೀಬೋರ್ಡಿನವನು ಆಗಲೇ ಕೂತಿದ್ದ. ಮೇ ತಿಂಗಳಿಂದಲೂ ಅವನೇ ಬರುತ್ತಿದ್ದನಂತೆ, ತಮ್ಮ ನನಗೆ ಹೇಳಿರಲಿಲ್ಲ.

ಮೊದಲ ಮೂರು ಹಾಡಿಗೆ ತಮ್ಮನ ಗಿಟಾರು ಮಾಲೂರಿನ ಆ ಬಯಲನ್ನೇ ಚಾಪೆಲ್ ಮಾಡಿತು. ನನ್ನ ಪಕ್ಕ ಕೂತಿದ್ದ ಹೆಂಗಸು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಅವನು ಕಣ್ಣು ಮುಚ್ಚಿ ನುಡಿಸುತ್ತಿದ್ದ. ನಾಲ್ಕನೆಯ ಹಾಡಿಗೆ ಮುಂದಿನ ಸಾಲಿನಿಂದ ಯಾರೋ ಏನೋ ಕೂಗಿದರು, ಬೀಟ್ ಬೇಕು ಅಂತಲೋ ಏನೋ. ಯಜಮಾನರು ಸ್ಟೇಜಿನ ಬದಿಯಲ್ಲಿ ಮಿಕ್ಸರ್ ಮುಂದೆ ಕೂತವನಿಗೆ ಕೈಸನ್ನೆ ಮಾಡಿದರು. ಅಲ್ಲಿಗೆ ಗಿಟಾರು ನಿಂತುಹೋಯಿತು. ಅಂದರೆ ನಮಗೆ ನಿಂತುಹೋಯಿತು. ಆಂಪ್ಲಿಫೈಯರ್ ಮುಂದಿನ ಮೈಕು ಬಂದ್ ಆಗಿತ್ತು. ಸ್ಟೇಜಿನ ಮೇಲೆ ಅವನಿಗೆ ತನ್ನ ನಾದ ಪೂರ್ತಿ ಕೇಳುತ್ತಿತ್ತು, ಎಕೋ ಸಮೇತ. ಕೆಳಗೆ ಕೂತ ನಮಗೆ ಕೀಬೋರ್ಡ್ ಒಂದೇ. ಎಂಟು ಹಾಡು ಅವನು ಹಾಗೆ ಕಣ್ಣು ಮುಚ್ಚಿ ನುಡಿಸಿದ. ಅವನ ಬೆರಳು ಓಡುವುದನ್ನು ನಾನು ನೋಡುತ್ತಾ ಕೂತಿದ್ದೆ. ಡ್ರಮ್ಸ್ ಹಿಂದಿದ್ದ ಗೆಳೆಯನೂ ನೋಡುತ್ತಿದ್ದ. ಮೈಕು ಬಂದ್ ಆದದ್ದು ಅವನಿಗೆ ಗೊತ್ತಾಗಿತ್ತು.

ಇಳಿದು ಬಂದಾಗ ಯಜಮಾನರು ಮರೆಮಾಚಲಿಲ್ಲ. ಈ ನಾಲ್ಕು ತಿಂಗಳಲ್ಲಿ ಜನ ಕೇಳುವ ಸೌಂಡೇ ಬದಲಾಗಿದೆ, ಮುಂದಿನ ಪ್ರೋಗ್ರಾಮಿಗೆ ತೊಂದರೆ ತಗೋಬೇಡಿ ಅಂದರು. ತಮ್ಮ ಟೆಂಪೋ ಹತ್ತಿರ ಬಂದ. ಗೆಳೆಯ ಆಂಪ್ಲಿಫೈಯರ್ ಎತ್ತಲು ಬಗ್ಗಿದ.

"ಮುಟ್ಟಬೇಡ" ಅಂದ ತಮ್ಮ. "ನಾಲ್ಕು ತಿಂಗಳು ತಿಂದುಬಿಟ್ಟೆಯಲ್ಲೋ. ಇಪ್ಪತ್ತು ವರ್ಷ ನುಡಿಸಿದ್ದನ್ನ ಒಂದು ಕೈ ಜಾರಿಸಿ ಮುಗಿಸಿಬಿಟ್ಟೆ. ಇನ್ಮೇಲೆ ನಮ್ಮನೆ ಹೊಸಲು ತುಳೀಬೇಡ."

ನಾನು ಐದಡಿ ದೂರದಲ್ಲಿದ್ದೆ. ಕೈಯಲ್ಲಿ ಟಿಫಿನ್ ಕ್ಯಾರಿಯರ್ ಇತ್ತು. ಅದರ ಕೊಕ್ಕೆ ಸರಿಯಾಗಿಯೇ ಇತ್ತು, ಆದರೂ ಬಿಚ್ಚಿ ಹಾಕಿದೆ, ಮತ್ತೆ ಬಿಚ್ಚಿದೆ. ಗೆಳೆಯ ತಮ್ಮನ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. "ಪೋನೀಲೇರಾ" ಅಂದ, ಹೋಗಲಿ ಬಿಡೋ ಅನ್ನುವ ಹಾಗೆ. ತನ್ನ ಡ್ರಮ್ಸ್ ಜೊತೆ ಬೇರೆ ಗಾಡಿಯಲ್ಲಿ ಹೋದ.

ಯಾಕೆ ಹೇಳಲಿಲ್ಲ ಅಂತ ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ಮೊದಲು ಅವನ ಕೋಪ ಇಳಿಯಲಿ ಅಂತ ಕಾದೆ. ಇಳಿದ ಮೇಲೆ, ಇಳಿದಿರುವಾಗ ಯಾಕೆ ಕೆದಕಲಿ ಅಂದುಕೊಂಡೆ. ಹೇಗೂ ಕೀಬೋರ್ಡ್ ಬಂದೇ ಬರುತ್ತಿತ್ತು, ಡಬ್ಬಿ ಕೆಡದಿದ್ದರೂ ಇನ್ನೊಂದು ವರ್ಷ ಅಷ್ಟೇ ಅಂತಲೂ ಅಂದುಕೊಂಡೆ. ಅದು ನಿಜವೂ ಇರಬಹುದು. ನಿಜವಾದ ಕಾರಣ ಇಷ್ಟೇ: ಅವನು ದಿನಾ ನನ್ನ ಕೈಯ ಊಟ ಉಣ್ಣುತ್ತಿದ್ದ. ತಟ್ಟೆ ಮುಂದೆ ಕೂತು ಅವನು ನನ್ನನ್ನು ಆ ಗೆಳೆಯನನ್ನು ನೋಡಿದ ಹಾಗೆ ನೋಡುವುದನ್ನು ತಾಳಿಕೊಳ್ಳುವ ಧೈರ್ಯ ನನಗಿರಲಿಲ್ಲ.

ತಮ್ಮ ಆಮೇಲೆ ನುಡಿಸಲಿಲ್ಲ. ಕೋರ್ಟು, ಮನೆ, ಪೇಪರು. ಮಾತು ಕಡಿಮೆಯಾಯಿತು. ಜಗಲಿಯಲ್ಲಿ ಒಬ್ಬನೇ ಕೂರುತ್ತಿದ್ದ, ಕೆಲವು ಸಲ ತೊಡೆಯ ಮೇಲೆ ಬೆರಳು ತಾಳ ಹಾಕುವುದು ಕಂಡು ತಾನೇ ನಿಲ್ಲಿಸುತ್ತಿದ್ದ. ಆಯುಧಪೂಜೆಗೆ ನಾನು ಆಂಪ್ಲಿಫೈಯರಿನ ಹೊರಮೈಗೆ ಮಾತ್ರ ಒಂದು ಬೊಟ್ಟು ಇಡುತ್ತಿದ್ದೆ. ಅವನು ಅದನ್ನೂ ಗಮನಿಸಲಿಲ್ಲ.

ಎರಡು ಸಲ ಗೆಳೆಯ ಮನೆಗೆ ಬಂದ. ಮೊದಲ ಸಲ ತಮ್ಮ ಕೋರ್ಟಿಗೆ ಹೋಗಿದ್ದ, ಸೊಪ್ಪು ಇಟ್ಟು ಹೋದ. ತಮ್ಮ ಅದನ್ನು ಪಕ್ಕದ ಮನೆಯ ಎಮ್ಮೆಗೆ ಹಾಕಿಸಿದ. ಎರಡನೆಯ ಸಲ ಮಗಳ ಮದುವೆಯ ಕಾಗದ ಹಿಡಿದು ಬಂದ. ತಮ್ಮ ಒಳಗಿನಿಂದ, ಇಲ್ಲ ಅಂತ ಹೇಳು ಅಂದ. ನಾನು ಬಾಗಿಲಲ್ಲಿ ನಿಂತು, ಅವನು ಮನೆಯಲ್ಲಿಲ್ಲ ಅಂದೆ. ನಾನು ಹೇಳಿ ಮುಗಿಸುವಾಗಲೇ ಒಳಗೆ ತಮ್ಮ ಕೆಮ್ಮಿದ. ಗೆಳೆಯ ಕಾಗದವನ್ನು ನನ್ನ ಕೈಗೆ ಕೊಟ್ಟು, "ಆಯ್ತು ಅಕ್ಕಯ್ಯ" ಅಂದ. ಒಂದು ನಿಮಿಷ ಅಲ್ಲೇ ನಿಂತಿದ್ದ. ನಾನು ಏನಾದರೂ ಅನ್ನುತ್ತೇನೆ ಅನ್ನುವ ಹಾಗಿತ್ತು ಆ ನಿಲುವು. ನಾನು ಬಾಗಿಲು ಹಾಕಿಕೊಂಡೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಒಂದು ಮಧ್ಯಾಹ್ನ ತಮ್ಮ ಕೋಲಾರದಿಂದ ಬಸ್ಸಿನಲ್ಲಿ ಬರುವಾಗ ಸೀಟಿನಲ್ಲೇ ಹೋಗಿಬಿಟ್ಟ. ಹಾರ್ಟ್. ಮುಳಬಾಗಿಲು ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ಎಬ್ಬಿಸಲು ಹೋದನಂತೆ.

ವೈಕುಂಠ ಸಮಾರಾಧನೆಯ ದಿನ ಗೆಳೆಯ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೊನೆಯ ಪಂಕ್ತಿಯಲ್ಲಿ ಕೂತು ಬಡಿಸಿದ್ದನ್ನೆಲ್ಲ ತಲೆ ಬಗ್ಗಿಸಿ ಉಂಡ. ಕೈ ತೊಳೆಯಲು ಹಿತ್ತಲಿಗೆ ಹೋದಾಗ ನಾನು ಹಿಂದೆಯೇ ಚೊಂಬು ಹಿಡಿದು ಹೋದೆ. ನೀರು ಹಾಕುತ್ತಾ ಹೇಳಿದೆ. ಡಬ್ಬಿ ಹಾಳಾದದ್ದು ನೀನು ಬೀಳಿಸಿದ್ದಕ್ಕಲ್ಲ, ನಾನು ಹಚ್ಚಿದ ಕುಂಕುಮಕ್ಕೆ. ನನ್ನನ್ನು ಕ್ಷಮಿಸು.

ಅವನು ಕೈ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಅಕ್ಕಯ್ಯ."

ನಾನು ನೀರು ಹಾಕುವುದನ್ನು ನಿಲ್ಲಿಸಿದೆ.

"ಮಾಲೂರು ಪ್ರೋಗ್ರಾಮಿಗೆ ಮುಂಚೇನೇ ಗೊತ್ತು. ನನ್ನಿಂದ ಎಷ್ಟು ಹಾಳಾಗಿತ್ತು ಅಂತ ಕೇಳೋಣ ಅಂತ ಆ ಭಾಯಿ ಹತ್ರ ಹೋಗಿದ್ದೆ. ಹಳೇ ಡಬ್ಬಿ ತೋರಿಸಿದ್ರು."

"ಮತ್ತೆ ಅವನಿಗೆ ಯಾಕೆ ಹೇಳಲಿಲ್ಲ?"

"ಅವನಿಗೆ ಯಾರ ಮೇಲಾದ್ರೂ ಕೋಪ ಮಾಡ್ಕೊಳ್ಳಲೇಬೇಕಿತ್ತು. ಅವನು ನನ್ನ ಮನೇಲಿ ಊಟ ಮಾಡ್ತಿರಲಿಲ್ಲ, ನಿಮ್ಮ ಕೈಯ ಊಟ ಉಣ್ತಿದ್ದ." ಅವನು ಕೈಯನ್ನು ಟವಲಿಗೆ ಒರೆಸಿಕೊಂಡ. "ನೀವೇ ಹೇಳ್ತೀರ ಅಂದ್ಕೊಂಡೆ. ಮೊದಲನೇ ವರ್ಷ ದಿನಾ ಕಾದೆ. ಆಮೇಲೆ ಹಬ್ಬ ಬಂದಾಗೆಲ್ಲ ಕಾದೆ. ಮಗಳ ಮದುವೆ ಕಾಗದ ತಂದಾಗ ಹೇಳ್ತೀರ ಅಂತ ಬಾಗಿಲಲ್ಲಿ ನಿಂತಿದ್ದೆ. ಈಗ ನನಗೆ ಹೇಳಿ ಏನಾಗಬೇಕು ಅಕ್ಕಯ್ಯ? ಕೇಳಬೇಕಾದೋನು ಹೋದ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದ. ಹೋಗಿಬರ್ತೀನಿ ಅನ್ನಲಿಲ್ಲ. ಸಾವಿನ ಮನೆಯಿಂದ ಹೊರಡುವಾಗ ಹಾಗೆ ಹೇಳಬಾರದು ಅನ್ನುವ ರೂಢಿ ನಮ್ಮ ಕಡೆ ಇದೆ. ಅದಕ್ಕೇ ಹೇಳಲಿಲ್ಲ, ಒಂದಿನ ಬಂದೇ ಬರುತ್ತಾನೆ ಅಂತ ನಾನು ಸುಮಾರು ಒಂದು ವರ್ಷ ಅಂದುಕೊಂಡಿದ್ದೆ.